ಆರೇ ಆರು ಬಂತು, ಚಪ್ಪಾಳೆ ತಟ್ಟಿ!

ತುಮಕೂರಿನಲ್ಲಿ ಬೇಸಿಗೆ ಬಂತು ಅಂದರೆ ಫ್ಲೆಕ್ಸ್‌ಗಳ ಕಾಲ. ಕಾಲೇಜುಗಳ ಮುಂದೆ ಮಕ್ಕಳ ಫೋಟೊ, ಫೋಟೊ ಕೆಳಗೆ ದಪ್ಪ ಅಕ್ಷರದಲ್ಲಿ ಪರ್ಸೆಂಟೇಜು. 98 ತೆಗೆದವರು ಮೇಲಿನ ಸಾಲಿನಲ್ಲಿ ದೊಡ್ಡದಾಗಿ, 94 ತೆಗೆದವರು ಕೆಳಗೆ ಸಣ್ಣ ಚೌಕದಲ್ಲಿ. 85 ತೆಗೆದವನನ್ನು ಅವರ ಮನೆಯವರೇ ಮರೆತಿರುತ್ತಾರೆ. ಇಂಥ ಊರಿಗೆ, 98 ಬಿದ್ದರೆ ಬಂಡೆಯಿಂದ ಜಾರಿ ಬೀಳುವ ಆಟವೊಂದನ್ನು ತಂದವನು ನನ್ನ ಬಾಮೈದ.

ಅವನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ದಣಿದು, ಭಾನುವಾರ ನಮ್ಮ ಮನೆಯ ಹಾಲ್‌ಗೆ ಇಬ್ಬರು ಗೆಳೆಯರನ್ನೂ ಒಂದು ಚೀಲ ದಾಳಗಳನ್ನೂ ತಂದು ಸುರಿಯುತ್ತಾನೆ. ಆಟ ಏನು ಅಂತೀರಾ? ಒಬ್ಬ ಕತೆ ಹೇಳುತ್ತಾನೆ. ಉಳಿದವರು ಕತೆಯ ಒಳಗೆ ಒಬ್ಬೊಬ್ಬ ಮನುಷ್ಯ ಆಗುತ್ತಾರೆ. ಗೋಡೆ ಹತ್ತುವುದೋ, ಸುಳ್ಳು ಹೇಳಿ ಬಚಾವಾಗುವುದೋ, ಆಗುತ್ತೋ ಇಲ್ಲವೋ ಅನ್ನುವ ಕಡೆಯೆಲ್ಲ ದಾಳ ಹಾಕಬೇಕು. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಈ ಹುಚ್ಚು ಶುರುವಾಯಿತಂತೆ. ನಮ್ಮ ಬಾಮೈದ ಆಡಿಸುವುದು 1981ರದ್ದು, ಕಾಲ್ ಆಫ್ ಕ್ತುಲು. ಅದನ್ನು ಸರಿಯಾಗಿ ಹೇಳಲು ನನಗೆ ಇನ್ನೂ ಬಂದಿಲ್ಲ, ಹೇಳಿದವರು ಯಾರೂ ಸಿಕ್ಕಿಲ್ಲ. 1920ರ ದಶಕದ ಅಮೆರಿಕದಲ್ಲಿ ನಡೆಯುವ ದೆವ್ವಭೂತದ ಕತೆ. ಆ ಊರುಗಳ ಹೆಸರು ಬಾಯಿಗೆ ಬರದೆ ಎಲ್ಲರೂ ನಗುತ್ತಿದ್ದದ್ದರಿಂದ, ದೆವ್ವ ಓಡಿಹೋಗುತ್ತಿತ್ತು. ಹಾಗಾಗಿ ಕತೆಯನ್ನು ಮಧುಗಿರಿ ಬೆಟ್ಟಕ್ಕೆ ತಂದ. ನಾನು ಮೈಸೂರು ಸಂಸ್ಥಾನದ ಶೇಕ್ದಾರ. ಬೆಟ್ಟ ಹತ್ತುವ ನನ್ನ ಸಾಮರ್ಥ್ಯ ನೂರಕ್ಕೆ 40.

ಹತ್ತು ಮುಖದ ದಾಳದ ಕೆಲಸ ಇಲ್ಲಿ. ಎರಡು ದಾಳ ಹಾಕಬೇಕು. ಒಂದರಲ್ಲಿ 00, 10, 20 ಅಂತ 90ರವರೆಗೆ, ಇನ್ನೊಂದರಲ್ಲಿ 0ಯಿಂದ 9. ಒಂದು ಹತ್ತರ ಸ್ಥಾನ, ಒಂದು ಬಿಡಿ ಸ್ಥಾನ. 30 ಮತ್ತು 7 ಬಿದ್ದರೆ 37. ನನ್ನ ಸಾಮರ್ಥ್ಯ 40, ಆದ್ದರಿಂದ 40 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ನಾನು ಬೆಟ್ಟದ ಮೇಲೆ. 41 ಬಿದ್ದರೂ ಕೆಳಗೆ. ಕಡಿಮೆ ಬಿದ್ದಷ್ಟೂ ಒಳ್ಳೆಯದು. 1 ಬಂದರೆ ಹಬ್ಬ, 100 ಬಂದರೆ ತಿಥಿ.

ಇದೆಲ್ಲ ಕೆಳಗಿನ ಮನೆಯ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು, ಪಾಪ! ಅವರು ನಮ್ಮ ಮನೆ ಓನರ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ನಮ್ಮ ಹಾಲ್‌ನಲ್ಲಿ ಸ್ಪೂನ್ ಬಿದ್ದರೂ ಅವರ ಮನೆಗೆ ಕೇಳುತ್ತದೆ. ಒಂದು ಭಾನುವಾರ ಅವರ ಕಿವಿಗೆ ಬಿದ್ದದ್ದು ಇಷ್ಟು: ಒಬ್ಬ ಹುಡುಗ "ಅಯ್ಯೋ 97 ಬಂತು, ಕೆಟ್ಟೆ, ನಾನು ಕೆಟ್ಟೆ!" ಅಂತ ಗೋಳಾಡಿದ. ಆಮೇಲೆ ಹತ್ತನೇ ಕ್ಲಾಸಿನ ನನ್ನ ಮಗಳು "ಮಾವ, ನಂದು ಆರು! ಆರೇ ಆರು!" ಅಂತ ಕುಣಿದಳು. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು.

ಮಾರನೇ ದಿನ ಬೆಳಿಗ್ಗೆ ನಾನು ಮೋಟರ್ ಸ್ವಿಚ್ ಹಾಕಲು ಇಳಿದರೆ ಮೇಷ್ಟ್ರು ಕಾಯುತ್ತಿದ್ದರು. ಕೈಯಲ್ಲಿ ಜೆರಾಕ್ಸ್ ಹಾಳೆಗಳ ಕಟ್ಟು. ಎಸ್ಸೆಸ್ಸೆಲ್ಸಿ ಪಾಸಿಂಗ್ ಪ್ಯಾಕೇಜ್.

"ನೋಡಿ, ಆರು ಬಂದ ಮಗೂಗೆ ಚಪ್ಪಾಳೆ ತಟ್ಟಿದ್ದು ಒಳ್ಳೇದೇ. ಧೈರ್ಯ ಬರುತ್ತೆ. ಬೈಬಾರ್ದು" ಅಂದರು. ಸ್ವಲ್ಪ ಹೊತ್ತು ನೀರಿನ ಪೈಪನ್ನೇ ನೋಡಿದರು. "ಆದ್ರೆ 97 ತಗೊಂಡೋನು ಯಾಕೆ ಅಷ್ಟು ಅತ್ತ ಅಂತ ನಂಗೆ ರಾತ್ರಿ ನಿದ್ದೇನೇ ಬರ್ಲಿಲ್ಲ."

ಬಿಡಿಸಿ ಹೇಳುವಷ್ಟರಲ್ಲಿ ಟ್ಯಾಂಕ್ ತುಂಬಿ ಹರಿಯಿತು.

ಇಷ್ಟರ ಮಧ್ಯೆ ನಮ್ಮ ಹತ್ತರ ಸ್ಥಾನದ ದಾಳ ಕಳೆದುಹೋಯಿತು. ಅದಕ್ಕೆ ಕಾರಣ ಮೊರ. ಮೊಸಾಯಿಕ್ ನೆಲದ ಮೇಲೆ ದಾಳ ಹಾಕಿದರೆ ಸದ್ದು ಜಾಸ್ತಿ, ಉರುಳಿ ಉರುಳಿ ದಿವಾನ್ ಕೆಳಗೆ ಸೇರುತ್ತಿತ್ತು. "ಇದ್ರಲ್ಲಿ ಹಾಕ್ಕೊಳ್ರಪ್ಪ" ಅಂತ ಅಮ್ಮ ಮೊರ ಕೊಟ್ಟರು. ಮೊರಕ್ಕೆ ಮೂರು ಕಡೆ ತಡೆ, ಒಂದು ಕಡೆ ಬಯಲು. ದಾಳಕ್ಕೆ ಆ ಒಂದು ಕಡೆ ಸಾಕು. ಹುಣಸೆಹಣ್ಣಿನ ಕಾಲ ಬೇರೆ. ತುಮಕೂರಿನವರಿಗೆ ಹುಣಸೆಹಣ್ಣಿನ ವಿಷಯ ಹೇಳಬೇಕಿಲ್ಲ, ವರ್ಷಕ್ಕಾಗುವಷ್ಟು ಒಂದೇ ಸಲ ಮನೆಗೆ ಬಂದು ಬೀಳುತ್ತದೆ. ಅಮ್ಮ ಪಕ್ಕದಲ್ಲೇ ಪೇಪರ್ ಹಾಸಿಕೊಂಡು ಬೀಜ ಬಿಡಿಸುತ್ತಿದ್ದರು. ಬೀಜ ಒಂದು ಕಡೆ, ಹಣ್ಣು ಒಂದು ಕಡೆ. ಬಾಮೈದ ಜೋರಾಗಿ ದಾಳ ಬೀಸಿದ. ನಮ್ಮ ದಾಳದ ಬಣ್ಣ ಯಾವುದು? ಕಂದು. ಅಪ್ಪಟ ಹುಣಸೆ ಬೀಜದ ಕಂದು.

ಅವತ್ತು ರಾತ್ರಿಯವರೆಗೆ ಎಲ್ಲರೂ ಬೀಜ ಹುಡುಕಿದೆವು. ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಅಂಕಿ ಇದೆಯಾ ಅಂತ ನೋಡಿದೆವು. ಅಮ್ಮನಿಗೆ ಅಯ್ಯೋ ಅನ್ನಿಸಲಿಲ್ಲ. "ಇಷ್ಟೊಂದು ಮುಖ ಯಾಕೆ ಬೇಕು ಅದಕ್ಕೆ? ಹುಣಸೆ ಬೀಜಕ್ಕೆ ಇರೋದು ಎರಡೇ. ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡ್ಕೊಂಡು ಚೌಕಾಬಾರ ಆಡ್ತಿದ್ವಿ. ಅದ್ರಲ್ಲೇ ಜೀವಮಾನಕ್ಕಾಗೋಷ್ಟು ಜಗಳ ಆಡಿದೀವಿ" ಅಂದರು.

ದಾಳ ಬೀಜದಲ್ಲಿ ಇರಲಿಲ್ಲ. ಹಣ್ಣಿನಲ್ಲಿತ್ತು. ಉಪ್ಪು ಬೆರೆಸಿ ಉಂಡೆ ಕಟ್ಟಿ ಜಾಡಿಗೆ ಹೋಗಿತ್ತು. ಮಳೆಗಾಲದ ಒಂದು ದಿನ ಸಾರಿಗೆ ಹುಣಸೆಹಣ್ಣು ನೆನೆಸಿದಾಗ ಪಾತ್ರೆಯ ತಳದಲ್ಲಿ ಟಣ್ ಅಂತು. ತೊಳೆದು ನೋಡಿದೆ. ಅಂಕಿಗಳ ಗೀರಿನೊಳಗೆ ನಾರು ಸಿಕ್ಕಿಕೊಂಡಿತ್ತು. 40ರ ಸೊನ್ನೆಯೊಳಗೆ ಒಂದು ಉಪ್ಪಿನ ಹರಳು. ಬಿಳಿ ಬಣ್ಣವೆಲ್ಲ ಕಿತ್ತುಹೋಗಿ, 00 ಒಂದು ಮಾತ್ರ ಲಕ್ಷಣವಾಗಿ ಕಾಣುತ್ತಿತ್ತು. ಸಾರು ಚೆನ್ನಾಗಿತ್ತು.

ಅಲ್ಲಿಯವರೆಗೆ ಕೆಂಪು ಒಂದು, ನೀಲಿ ಒಂದು ಬಿಡಿ ದಾಳಗಳಲ್ಲೇ ಕಾಲ ಹಾಕಿದ್ದೆವು. ಕೆಂಪು ಹತ್ತರ ಸ್ಥಾನ ಅಂತ ಮೊದಲೇ ಹೇಳಿಬಿಡಬೇಕು. ಬಾಮೈದನ ಗೆಳೆಯನೊಬ್ಬ ದಾಳ ನಿಂತ ಮೇಲೆ ಹೇಳುತ್ತಿದ್ದ. 72 ಬಿದ್ದದ್ದು ಅವನ ಪಾಲಿಗೆ ಯಾವಾಗಲೂ 27.

ಈ ಮೋಸ ನಿಲ್ಲಿಸಲು ಮೇಷ್ಟ್ರನ್ನೇ ಕರೆಸಿದ್ದಾಯಿತು. ಬಂದವರು ಆಟದ ಕಡೆ ನೋಡಲೇ ಇಲ್ಲ, ದಾಳ ಕೈಗೆತ್ತಿಕೊಂಡರು. ಬೆರಳಲ್ಲಿ ತಿರುಗಿಸಿ, ಕನ್ನಡಕದ ಹತ್ತಿರ ತಂದು, "ಮುಖ ಎಲ್ಲ ಒಂದೇ ಥರ ಇರೋ ಸಮ ಘನಾಕೃತಿ ಇರೋದು ಐದೇ ಕಣ್ರಯ್ಯ. 4, 6, 8, 12, 20. ಈ ಹತ್ತು ಎಲ್ಲಿಂದ ಬಂತು?" ಅಂದರು. ಮಗಳು ಉಳಿದ ದಾಳಗಳನ್ನು ಸುರಿದಳು. ಆ ಐದೂ ಇದ್ದವು. ಹತ್ತರದ್ದು ಮಾತ್ರ ಆ ವಂಶದ್ದಲ್ಲ. ಅದರ ಮುಖಗಳು ಗಾಳಿಪಟದ ಆಕಾರ, ಮೇಲೆ ಐದು, ಕೆಳಗೆ ಐದು, ಮಧ್ಯೆ ಅಂಕುಡೊಂಕು ಗೆರೆ. ಬಾಹುಗಳು ಸಮ ಇಲ್ಲ, ಆದರೆ ಹತ್ತೂ ಮುಖ ತದ್ವತ್ ಒಂದೇ, ಆದ್ದರಿಂದ ದಾಳಕ್ಕೆ ಭೇದಭಾವ ಇಲ್ಲ. ಮೊದಮೊದಲು 20 ಮುಖದ ದಾಳದಲ್ಲೇ 0ಯಿಂದ 9ರವರೆಗೆ ಎರಡೆರಡು ಸಲ ಬರೆದು ಆಡುತ್ತಿದ್ದರು ಅಂತ ಬಾಮೈದ ಹೇಳಿದ. "ಅದು ಸರಿಯಾದ ಪದ್ಧತಿ" ಅಂತ ಮೇಷ್ಟ್ರು ತೀರ್ಪು ಕೊಟ್ಟರು. ಎದುರುಬದುರು ಮುಖ ಕೂಡಿದರೆ 9 ಬರುತ್ತದೆ ಅಂತ ಕಂಡುಹಿಡಿದ ಮೇಲೆ ಮುಖ ಅರಳಿತು. ಹೊಸ ನೋಟ್ ಬುಕ್ ಒಂದರ ಸಮೇತ ಆಟಕ್ಕೆ ಸೇರಿದರು. ಮಧುಗಿರಿಯ ಹೆಡ್‌ಮೇಷ್ಟ್ರ ಪಾತ್ರ. ಬೇರೆ ಏನಾಗಲೂ ಒಪ್ಪಲಿಲ್ಲ.

ಎಲ್ಲ ಸುಸೂತ್ರವಾಗಿತ್ತು, ಸೊನ್ನೆ ಬರುವವರೆಗೆ.

ಕತೆಯಲ್ಲಿ ರಾತ್ರಿ. ಹೆಡ್‌ಮೇಷ್ಟ್ರು ಲಾಟೀನು ಹಿಡಿದು ಕೋಟೆಯ ಕಡಿದಾದ ಬಂಡೆ ಹತ್ತುತ್ತಿದ್ದಾರೆ. ದಾಳ ಹಾಕಿದರು. ಹುಣಸೆ ದಾಳದಲ್ಲಿ 00. ಇನ್ನೊಂದರಲ್ಲಿ 0.

"ನೂರು ಸಾರ್. ಲಾಟೀನು ಹೋಯ್ತು, ನೀವೂ ಹೋದ್ರಿ" ಅಂದ ಬಾಮೈದ.

"ಸೊನ್ನೆಗೆ ಸೊನ್ನೆ ಕೂಡಿಸಿದ್ರೆ ನೂರು ಹೇಗಾಗುತ್ತೆ?"

"ತಾತ, ಎರಡು ದಾಳ ಸೇರಿ ನೂರು ಥರ ಬೀಳಬಹುದು. ಒಂದರಿಂದ ನೂರು ಎಣಿಸಬೇಕು ಅಂದ್ರೆ ಯಾವುದಾದ್ರೂ ಒಂದು ನೂರು ಆಗ್ಲೇಬೇಕಲ್ವಾ?" ಅಂದಳು ಮಗಳು.

"ಸೊನ್ನೆಯಿಂದ 99 ಅಂತ ಎಣಿಸಿ. ಅದೂ ನೂರೇ. ಕಡಿಮೆ ಬಂದ್ರೆ ಪಾಸು ಅಂದೋರು ನೀವೇ. ಸೊನ್ನೆಗಿಂತ ಕಡಿಮೆ ಯಾವುದು, ಹೇಳಿ ನೋಡೋಣ."

ಯಾರಿಗೂ ಉತ್ತರ ಹೊಳೆಯಲಿಲ್ಲ. ಕಾಫಿ ಬಂತು, ಆರಿತು. ಬಾಮೈದ ಜಗ್ಗಲಿಲ್ಲ. ಮೇಷ್ಟ್ರು ನೋಟ್ ಬುಕ್ಕಿನಿಂದ ಹಾಳೆ ಹರಿದು, ಅಂಚು ಮಡಚಿ, 'ಇವರಿಗೆ', 'ಇಂದ', 'ವಿಷಯ' ಎಲ್ಲ ಹಾಕಿ ಮರುಎಣಿಕೆಗೆ ಅರ್ಜಿ ಬರೆದರು. ಜೊತೆಗೆ ಶುಲ್ಕ ಅಂತ ಹತ್ತು ರೂಪಾಯಿ ನೋಟು ಮೊರದಲ್ಲಿಟ್ಟರು.

ಬಾಮೈದ ಅರ್ಜಿ ಓದಿದ. ದಾಳಗಳನ್ನು ಮತ್ತೊಮ್ಮೆ ನೋಡಿದ. 'ಅಂಕಗಳಲ್ಲಿ ಬದಲಾವಣೆ ಇಲ್ಲ' ಅಂತ ಷರಾ ಬರೆದು, ಸಹಿ ಮಾಡಿ, ಹಾಳೆ ವಾಪಸ್ ಕೊಟ್ಟ. ಹತ್ತು ರೂಪಾಯಿ ಕೊಡಲಿಲ್ಲ.