ಆ ಮೂವರಲ್ಲಿ ಒಬ್ಬ ಮೈಸೂರಿನವನು

ನಿನ್ನೆ ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಕೇಳಿದ ಮಾತು ಇನ್ನೂ ಎದೆಯಲ್ಲಿ ಕುದಿಯುತ್ತಿದೆ. ಕರ್ನಾಟಕದಿಂದ ಬಂದ ಪ್ರವಾಸಿಗರ ಗುಂಪೊಂದು ಅಲ್ಲಿ ನಿಂತಿತ್ತು. ಕನ್ನಡ ಕಿವಿಗೆ ಬಿದ್ದದ್ದೇ ಹತ್ತಿರ ಹೋದೆ. ಅವರ ಗೈಡ್ ಮೂರು ಕಂಚಿನ ಪ್ರತಿಮೆಗಳತ್ತ ಕೈತೋರಿಸಿ, "ಇವು ಭೂಸೇನೆ, ನೌಕಾಪಡೆ, ವಾಯುಪಡೆಗಳ ಸಂಕೇತ" ಎಂದ. ಎಲ್ಲರೂ ತಲೆದೂಗಿದರು. ಮೈಸೂರಿನವರೂ ತಲೆದೂಗಿದರು!

ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್ ರೂಪಿಸಿದ ಈ ಪ್ರತಿಮೆಗಳು ಇಲ್ಲಿ ನಿಂತದ್ದು 1922ರಲ್ಲಿ. ಭಾರತೀಯ ವಾಯುಪಡೆ ಹುಟ್ಟಿದ್ದೇ 1932ರಲ್ಲಿ. ಆ ಮೂವರು ಹೈದರಾಬಾದ್, ಜೋಧ್‌ಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು. ಮೊದಲ ಮಹಾಯುದ್ಧದಲ್ಲಿ ಸೂಯೆಜ್ ಕಾಲುವೆಯಿಂದ ಸಿರಿಯಾದವರೆಗೆ ಹೋರಾಡಿದವರು. ಎದುರಿನ ತೀನ್ ಮೂರ್ತಿ ಭವನಕ್ಕೆ ಹೆಸರು ಬಂದದ್ದೂ ಇವರಿಂದಲೇ. ನೆಹರೂ ಅವರು ಬಾಳಿದ ಮನೆಯೆಂದು ಅದು ಎಲ್ಲರಿಗೂ ಗೊತ್ತು, ಹೆಸರು ಕೊಟ್ಟವರು ಮಾತ್ರ ಯಾರಿಗೂ ಬೇಡ.

1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾದಲ್ಲಿ ನಡೆದದ್ದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಒಂದು ಕಡೆ ಕಿಶೋನ್ ನದಿ, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ, ಬೆಟ್ಟದ ಮೇಲೆ ಶತ್ರುವಾದ ಒಟ್ಟೋಮನ್ ತುರ್ಕರ ಫಿರಂಗಿಗಳು. ಮೈಸೂರಿನ ಭರ್ಜಿ ಹಿಡಿದ ಕುದುರೆ ಸವಾರರ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ತುಕಡಿಯೊಂದು ಆ ಕಡಿದಾದ ಬೆಟ್ಟವನ್ನೇರಿ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ ಜೋಧ್‌ಪುರದವರು ಭರ್ಜಿ ಹಿಡಿದು ಮಷಿನ್ ಗನ್‌ಗಳ ಎದುರಿಗೇ ಕುದುರೆ ಓಡಿಸಿದರು. ಅವರ ಮುಂದಾಳು ಮೇಜರ್ ದಲ್‌ಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯ ಹೊತ್ತಿಗೆ ಊರು ಕೈವಶ, 1,350 ಮಂದಿ ಸೆರೆ. ನಮ್ಮ ಕಡೆ ಎಂಟು ಜನ ಸತ್ತರು, ಅರವತ್ತು ಕುದುರೆಗಳು ಸತ್ತವು. ಆ ಕುದುರೆಗಳ ಲೆಕ್ಕ ಓದುವಾಗಲೂ ನನಗೆ ಗಂಟಲು ಕಟ್ಟುತ್ತದೆ.

2018ರಲ್ಲಿ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಸಂತೋಷವೇ. ಆದರೆ ಹೈದರಾಬಾದಿನವರು ಅಂದಿನ ದಾಳಿಯಲ್ಲಿ ಇರಲಿಲ್ಲ. ಅವರೂ ಇಲ್ಲಿ ನಿಂತಿದ್ದಾರೆಂದರೆ, ಈ ಸ್ಮಾರಕ ಒಂದು ದಿನದ ಗೆಲುವಿನದಲ್ಲ, ನಾಲ್ಕು ವರ್ಷ ಮರಳಿನಲ್ಲಿ ಬೆಂದವರದು.

"ಬ್ರಿಟಿಷರಿಗಾಗಿ ಸತ್ತವರನ್ನು ನಾವೇಕೆ ನೆನೆಯಬೇಕು?" ಎಂದು ನಿಮ್ಮಲ್ಲಿ ಒಂದಿಬ್ಬರು ಕೇಳುತ್ತೀರಿ, ಗೊತ್ತು. ಯುದ್ಧ ಸಾಮ್ರಾಜ್ಯದ್ದು, ಒಪ್ಪಿದೆ. ಯುದ್ಧನಿಧಿಗೆ ಮೈಸೂರು ಸಂಸ್ಥಾನ ಐವತ್ತು ಲಕ್ಷ ರೂಪಾಯಿ ಕೊಟ್ಟಿತು, ಅದನ್ನೂ ಪ್ರಶ್ನಿಸಿ. ಆದರೆ ಕುದುರೆಯ ಮೇಲೆ ಕುಳಿತಿದ್ದ ಹುಡುಗನನ್ನು ಕೇಳಿ ಯಾರೂ ಯುದ್ಧ ಸಾರಲಿಲ್ಲ. ಅವನನ್ನು ಮರೆತರೆ ಸಾಮ್ರಾಜ್ಯಕ್ಕೆ ಯಾವ ಶಿಕ್ಷೆಯೂ ಆಗುವುದಿಲ್ಲ.

ಇಷ್ಟು ಸಿಟ್ಟೇಕೆ ಎಂದರೆ, ನಾನೂ ಅದೇ ತಪ್ಪು ಮಾಡಿದವಳು. ದೆಹಲಿಯಲ್ಲಿ ಕೆಲಸದಲ್ಲಿದ್ದಾಗ ಆರು ವರ್ಷ ಬಸ್ಸಿನಲ್ಲಿ ಈ ವೃತ್ತ ಸುತ್ತಿದ್ದೇನೆ. ತೀನ್ ಮೂರ್ತಿ ಎಂದರೆ ನನಗೆ ಬರೀ ಒಂದು ನಿಲ್ದಾಣವಾಗಿತ್ತು. ಒಂದು ದಿನವೂ ಇಳಿದು ನೋಡಲಿಲ್ಲ. ಅದು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.

ನಿನ್ನೆ ಆ ಗುಂಪನ್ನು ತಡೆದು ಇದನ್ನೆಲ್ಲ ಹೇಳಿದೆ. ಗೈಡ್ ಮುಖ ಗಂಟಿಕ್ಕಿದ. ಎಲ್ಲರೂ ಬಸ್ ಹತ್ತಿದ ಮೇಲೂ ಒಬ್ಬ ಅಜ್ಜಿ ಮಾತ್ರ ಹತ್ತಲಿಲ್ಲ. ನನ್ನ ಕೈ ಹಿಡಿದು, "ನಮ್ಮವನು ಯಾವನಮ್ಮಾ, ತೋರಿಸು" ಎಂದರು.