ಓಟಿಪಿ ಯಾರಿಗೂ ಹೇಳಬೇಡಿ, ನಂಗೂ ಸಹ

ನಾನು ಕೆಲಸ ಬಿಟ್ಟು ಇವತ್ತಿಗೆ ಏಳು ವಾರ ಆಯ್ತು. ವಯಸ್ಸು 49. ಏಳು ವಾರ ಅಂತ ಇಷ್ಟು ಕರೆಕ್ಟಾಗಿ ಹೇಗೆ ಹೇಳ್ತೀನಿ ಅಂದ್ರೆ ಅದನ್ನ ಲೆಕ್ಕ ಇಡೋಕೆ ಅಂತಾನೇ ಒಂದು ಎಕ್ಸೆಲ್ ಶೀಟ್ ಇದೆ. ಬೇರೆ ಏನು ಕೆಲಸ ಇದೆ ಹೇಳಿ.

ಮೊದಲನೇ ಸೋಮವಾರ ಬೆಳಗ್ಗೆ ಒಂಬತ್ತರವರೆಗೂ ಮಲಗಬೇಕು ಅನ್ನೋದು ಎಷ್ಟೋ ವರ್ಷದ ಕನಸು. ಐದೂ ನಲವತ್ತಕ್ಕೆ, ಅಲಾರಂ ಕೂಡ ಇಲ್ದೇ, ಟಪ್ ಅಂತ ಕಣ್ಣು ಬಿಡ್ತು. ನಮ್ಮ ಮೆದುಳಿನ ಒಳಗೆ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಇದೆ, ಯಾವಾಗ ಏಳಬೇಕು ಯಾವಾಗ ಮಲಗಬೇಕು ಅಂತ ದೇಹದ ಗಡಿಯಾರ ನಡೆಸೋದು ಅದೇ. ನಾನು ರಾಜೀನಾಮೇನ ಮ್ಯಾನೇಜರ್‌ಗೆ ಕಳಿಸಿದ್ದೆ, ಹೆಚ್‌ಆರ್‌ಗೆ ಸಿಸಿ ಹಾಕಿದ್ದೆ, ಈ 20,000 ಜನಕ್ಕೆ ಸಿಸಿ ಹಾಕೋದು ಮರ್ತುಬಿಟ್ಟಿದ್ದೆ. ಅವ್ರು ಪಾಪ ಎಂದಿನ ಹಾಗೆ ಡ್ಯೂಟಿಗೆ ಬಂದಿದ್ರು.

ಎದ್ದಿದ್ದಾಯ್ತು, ಸ್ನಾನ ಆಯ್ತು, ಇಸ್ತ್ರಿ ಮಾಡಿದ ಶರ್ಟೂ ಹಾಕ್ಕೊಂಡು ಆಯ್ತು, ಇನ್ನೇನು ಮಾಡೋದು ಅಂತ ಗೊತ್ತಾಗದೆ ಹೆಂಡತಿಗೆ "ಬಾ, ನಿನ್ನ ಆಫೀಸಿಗೆ ನಾನೇ ಬಿಡ್ತೀನಿ" ಅಂದೆ. ಅವಳಿಗೆ ಇನ್ನೂ ಕೆಲಸ ಇದೆ. ಖುಷಿಯಾಗಿ ಕೂತ್ಲು. ದಾರಿಯುದ್ದಕ್ಕೂ ನಾನು ನಿವೃತ್ತಿ ಅಂದ್ರೆ ಏನು, ಸ್ವಾತಂತ್ರ್ಯ ಅಂದ್ರೆ ಏನು ಅಂತ ಭಾಷಣ ಮಾಡ್ತಾ ಮಾಡ್ತಾ ಗಾಡಿ ಓಡಿಸಿ, ಗೇಟ್ ಹತ್ರ ನಿಲ್ಲಿಸಿ, ಕತ್ತಿನ ಹತ್ರ ಕೈ ಹಾಕಿ ಐಡಿ ಕಾರ್ಡ್ ಹುಡುಕ್ತಾ ಇದ್ದೀನಿ. ನನ್ನ ಆಫೀಸ್ ಗೇಟು. ಮೊನ್ನೆ ಶುಕ್ರವಾರ ಬೊಕೆ ಕೊಟ್ಟು ಕಳಿಸಿದ್ರಲ್ಲ, ಅದೇ ಗೇಟು. ಸೆಕ್ಯೂರಿಟಿಯವ್ರು ಎಂದಿನ ಹಾಗೆ ಸಲ್ಯೂಟ್ ಹೊಡೆದು, ಅರ್ಧದಲ್ಲಿ ನೆನಪಾಗಿ, ಕೈನ ಹಾಗೇ ತಲೆ ಕೆರ್ಕೊಳೋಕೆ ಬಳಸ್ಕೊಂಡ್ರು.

"ಮೊದ್ಲೇ ಹೇಳೋದಲ್ವಾ?" ಅಂದೆ ಹೆಂಡತಿಗೆ.

"ಎರಡನೇ ಸಿಗ್ನಲ್‌ನಲ್ಲೇ ಗೊತ್ತಾಯ್ತು ರೀ. ಎಲ್ಲಿವರೆಗೂ ಹೋಗ್ತೀರಾ ನೋಡೋಣ ಅಂತ ಸುಮ್ನಿದ್ದೆ."

ಕೆಲಸ ಬಿಟ್ಟ ವಿಷಯ ಜನಕ್ಕೆ ಹೇಳೋದ್ರಲ್ಲೂ ನಾನು ಅಂದ್ಕೊಂಡಿದ್ದೇ ಒಂದು, ಆಗಿದ್ದೇ ಒಂದು. 49ಕ್ಕೇ ನಿವೃತ್ತಿ ಅಂದ್ರೆ ಎಲ್ರೂ ಹೊಟ್ಟೆಕಿಚ್ಚು ಪಡ್ತಾರೆ, ನಾನು ವಿನಯದಿಂದ ನಗಬೇಕು ಅಂತ ಕನ್ನಡಿ ಮುಂದೆ ಒಂದು ನಗು ಕೂಡ ಪ್ರಾಕ್ಟೀಸ್ ಮಾಡ್ಕೊಂಡಿದ್ದೆ. ಪಕ್ಕದ ಮನೆಯವ್ರಿಗೆ ಹೇಳಿದ ತಕ್ಷಣ ಅವ್ರ ಮುಖ ಇಳಿದುಹೋಯ್ತು. ದನಿ ತಗ್ಗಿಸಿ, "ಎಲ್ಲಾ ಕಡೆ ಹಿಂಗೇ ಆಗ್ತಿದೆ ಸರ್, ನೀವೇನೂ ಮನಸ್ಸಿಗೆ ಹಚ್ಕೋಬೇಡಿ" ಅಂತ ನನ್ನ ಭುಜ ಹಿಸುಕಿದ್ರು. ಇಲ್ಲ ಇಲ್ಲ, ಯಾರೂ ತೆಗೆದುಹಾಕಿಲ್ಲ, ನಾನಾಗೇ ಬಿಟ್ಟಿದ್ದು ಅಂದೆ. "ಹೌದು ಹೌದು, ಹಂಗೇ ಹೇಳ್ಬೇಕು" ಅಂದ್ರು. ಅವತ್ತಿಂದ ವಾರಕ್ಕೆ ಮೂರು ಉದ್ಯೋಗಾವಕಾಶದ ಮೆಸೇಜು ಫಾರ್ವರ್ಡ್ ಮಾಡ್ತಾರೆ. ಮೊನ್ನೆ ಬಂದಿದ್ದರಲ್ಲಿ ವಯೋಮಿತಿ 28 ಅಂತ ಇತ್ತು. ಟ್ರೈ ಮಾಡಿ ನೋಡಿ ಅಂತ ಕೆಳಗೆ ಬರ್ದಿದ್ರು.

ಅವ್ರದ್ದೂ ತಪ್ಪಿಲ್ಲ ಬಿಡಿ. 1889ರಲ್ಲಿ ಜರ್ಮನಿಯಲ್ಲಿ, ಅಲ್ಲಿನ ಚಾನ್ಸೆಲರ್ ಬಿಸ್ಮಾರ್ಕ್ ಕಾಲದಲ್ಲಿ, ವೃದ್ಧಾಪ್ಯ ಪಿಂಚಣಿ ಕಾನೂನು ತಂದಾಗ ವಯಸ್ಸು 70 ಅಂತ ಇಟ್ಟಿದ್ರು, ಅದನ್ನ 65ಕ್ಕೆ ಇಳಿಸಿದ್ದೇ 1916ರಲ್ಲಿ. ನಾನು ಬಿಸ್ಮಾರ್ಕ್ ಮುಂದೆ ಹೋಗಿ ನಿಂತಿದ್ರೆ ಇನ್ನೂ 21 ವರ್ಷ ದುಡ್ಕೊಂಡು ಬಾ ಅಂತ ವಾಪಸ್ ಕಳಿಸ್ತಿದ್ದ.

ಮನೆ ಅನ್ನೋದು ಬೆಳಗ್ಗೆ ಹನ್ನೊಂದು ಗಂಟೆಗೆ ಹೇಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹೆಂಡತಿ ಆಫೀಸಿಗೆ, ಮಗಳು ಕಾಲೇಜಿಗೆ, ಮನೇಲಿ ನಾನು ಮತ್ತು ಫ್ರಿಡ್ಜ್. ಫ್ರಿಡ್ಜ್ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತೆ, ಆಮೇಲೆ ಏನೋ ನೆನಪಾದವ್ರ ಹಾಗೆ ಒಂದ್ಸಲ ಮೈ ಕೊಡವಿ ಸುಮ್ನಾಗುತ್ತೆ. ಹಾಗೆ ಅದು ಸುಮ್ನಾದಾಗ ಕೇಳಿಸ್ತು, ಟಪ್. ಟಪ್. ಬಾತ್‌ರೂಮಿನ ನಲ್ಲಿ. ಆರು ವರ್ಷದಿಂದ ಸೋರ್ತಾ ಇದೆ ಅಂತ ಆಮೇಲೆ ಮಗಳು ಹೇಳಿದ್ಲು, ನಂಗೆ ಮಾತ್ರ ಅದು ಬ್ರೇಕಿಂಗ್ ನ್ಯೂಸ್.

ನಲ್ಲಿ ಸೋರಿದ್ರೆ ಸಾಮಾನ್ಯ ಮನುಷ್ಯ ಪ್ಲಂಬರ್‌ಗೆ ಫೋನ್ ಮಾಡ್ತಾನೆ. ನಾನು ಸ್ಟಾಪ್‌ವಾಚ್ ತಗೊಂಡೆ. ನಿಮಿಷಕ್ಕೆ 40 ಹನಿ. ಒಂದು ಹನಿಗೆ ಕಾಲು ಎಂಎಲ್ ಅಂತ ಹಿಡಿದ್ರೆ ದಿನಕ್ಕೆ 57,600 ಹನಿ, ಅಂದ್ರೆ 14 ಲೀಟರ್ ಚಿಲ್ಲರೆ. ಎಕ್ಸೆಲ್ ಶೀಟ್ ಆಯ್ತು, ಗ್ರಾಫ್ ಆಯ್ತು, ರಾತ್ರಿ ಊಟಕ್ಕೆ ಕೂತಾಗ ಇಬ್ಬರಿಗೂ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಮಗಳು "ಅಪ್ಪಾ, ವಾಷರ್ ಹೋಗಿರುತ್ತೆ ಅಷ್ಟೇ" ಅಂದ್ಲು. ಕೆಲ್ಸ ಇಲ್ದ ಬಡಗಿ ಮಗುವಿನ ಕುಂಡೆ ಕೆತ್ತಿದ್ನಂತೆ, ನಮ್ಮನೇಲಿ ಮಗು ದೊಡ್ಡದಾಗಿ ಕಾಲೇಜಿಗೆ ಹೋಗಿರೋದ್ರಿಂದ ನಲ್ಲಿಗೆ ಬಂತು ಗ್ರಹಚಾರ.

ಮಾರನೇ ದಿನ ವಿಡಿಯೋ ನೋಡ್ದೆ. ಆ ಪುಣ್ಯಾತ್ಮ ನಾಲ್ಕು ನಿಮಿಷದಲ್ಲಿ ನಲ್ಲಿ ಬಿಚ್ಚಿ, ವಾಷರ್ ಬದಲಾಯಿಸಿ, ಮತ್ತೆ ಕೂರಿಸಿ, ಕೈ ಒರೆಸ್ಕೊಂಡ. ಮೊದಲು ಮೇನ್ ವಾಲ್ವ್ ಮುಚ್ಚಿ ಅಂತ ಅವ್ನು ಹೇಳೋ ಭಾಗಾನ ನಾನು ಟೈಮ್ ಉಳಿಸೋಕೆ ಅಂತ ಓಡಿಸಿದ್ದೆ. ಯಾಕೆ ಉಳಿಸ್ದೆ, ಉಳಿಸಿದ ಟೈಮಲ್ಲಿ ಏನು ಮಾಡೋನಿದ್ದೆ, ದೇವರಿಗೇ ಗೊತ್ತು. ಸ್ಪ್ಯಾನರ್ ಎರಡು ಸುತ್ತು ತಿರುಗಿದ್ದೇ ತಡ ನಲ್ಲಿಯ ತಲೆ ಎಗರಿ ಹೋಯ್ತು, ನೀರು ನೇರ ನನ್ನ ಕನ್ನಡಕಕ್ಕೆ, ಒಂದು ಕೈಯಲ್ಲಿ ತೂತು ಮುಚ್ಕೊಂಡು ಇನ್ನೊಂದು ಕೈಯಲ್ಲಿ ಹೆಂಡತಿಗೆ ಫೋನ್ ಹಚ್ಚಿ "ಮೇನ್ ವಾಲ್ವ್ ಎಲ್ಲಿದೆ?" ಅಂತ ಕಿರುಚಿದೆ.

ಅವಳು ಮೀಟಿಂಗ್‌ನಲ್ಲಿದ್ಲು. ಆದ್ರೂ ಪುಣ್ಯಾತ್ಗಿತ್ತಿ ಒಂಚೂರೂ ಗಾಬರಿಯಾಗದೆ "ಗೀಸರ್ ಕೆಳಗೆ ಕೆಂಪು ಹಿಡಿ ಇದೆ ನೋಡಿ, ಬಲಕ್ಕೆ ತಿರುಗಿಸಿ. ಅಯ್ಯೋ ಬಲಕ್ಕೆ ರೀ, ನಿಮ್ಮ ಬಲ, ಊಟ ಮಾಡೋ ಕೈ" ಅಂದ್ಲು. ನೀರು ನಿಂತ್ತು. ಅವಳ ಲ್ಯಾಪ್‌ಟಾಪ್ ಮ್ಯೂಟ್‌ನಲ್ಲಿ ಇರ್ಲಿಲ್ಲ ಅಂತ ಸಂಜೆ ಗೊತ್ತಾಯ್ತು. ಅವಳ ಟೀಮಿನ ಹದಿನಾಲ್ಕು ಜನಕ್ಕೂ ಈಗ ನಾನು ಯಾವ ಕೈಯಲ್ಲಿ ಊಟ ಮಾಡ್ತೀನಿ ಅಂತ ಗೊತ್ತು. ಅಂದಹಾಗೆ ರಿಪೇರಿ ಆದ್ಮೇಲೆ ಮತ್ತೆ ಎಣಿಸಿದೆ, ನಿಮಿಷಕ್ಕೆ 55 ಹನಿ.

ಪಾರ್ಕಿನ್ಸನ್ ಅಂತ ಒಬ್ಬ ಬ್ರಿಟಿಷ್ ಇತಿಹಾಸಕಾರ, ಕೆಲಸಕ್ಕೆ ಎಷ್ಟು ಸಮಯ ಕೊಡ್ತೀರೋ ಅಷ್ಟಕ್ಕೂ ಅದು ಹಬ್ಬಿಕೊಳ್ಳುತ್ತೆ ಅಂತ 1955ರಲ್ಲಿ ಬರೆದಿದ್ದ. ಅದಕ್ಕೆ ಅವ್ನು ಕೊಟ್ಟ ಉದಾಹರಣೆ, ಪುರುಸೊತ್ತಾಗಿರೋ ಒಬ್ಬ ವಯಸ್ಸಾದ ಹೆಂಗಸು ಒಂದೇ ಒಂದು ಪೋಸ್ಟ್‌ಕಾರ್ಡ್ ಬರೆದು ಹಾಕೋಕೆ ಇಡೀ ದಿನ ತಗೋತಾಳೆ. ಕಾರ್ಡ್ ಹುಡುಕೋಕೆ ಒಂದು ಗಂಟೆ, ಕನ್ನಡಕ ಹುಡುಕೋಕೆ ಇನ್ನೊಂದು, ಪಕ್ಕದ ಬೀದಿಯ ಅಂಚೆಪೆಟ್ಟಿಗೆವರೆಗೆ ಹೋಗೋಕೆ ಛತ್ರಿ ಬೇಕೋ ಬೇಡ್ವೋ ಅಂತ ಯೋಚಿಸೋಕೇ 20 ನಿಮಿಷ. ಆಫೀಸ್‌ನಲ್ಲಿದ್ದಾಗ ಇದನ್ನ ನಮ್ಮ ಹುಡುಗರಿಗೆ ಹೇಳಿ ಡೆಡ್‌ಲೈನ್ ಕಮ್ಮಿ ಮಾಡ್ತಿದ್ದೆ ನಾನು, ಪಾಪಿ. ಈಗ ಆ ಅಜ್ಜಿ ಬಗ್ಗೆ ಭಾರೀ ಗೌರವ ಬಂದಿದೆ. ಒಂದೇ ದಿನದಲ್ಲಿ ಮುಗಿಸಿದ್ಲಲ್ಲ! ನಮ್ಮನೇ ಕರೆಂಟ್ ಬಿಲ್ ಕಟ್ಟೋಕೆ ನಂಗೆ ಒಂಬತ್ತು ದಿನ ಹಿಡೀತು.

ಆಗಿದ್ದು ಇಷ್ಟು. ನನ್ನ ಮೊಬೈಲ್ ನಂಬರ್ ಕಂಪನಿದು. ವರ್ಷಗಟ್ಟಲೆ ಅದೇ ನಂಬರ್ ಬಳಸಿ ಬಳಸಿ ಅದು ನನ್ನ ಮೈಗೇ ಅಂಟ್ಕೊಂಡಿದೆ ಅನ್ನೋ ಹಾಗಾಗಿತ್ತು, ಬ್ಯಾಂಕು, ಗ್ಯಾಸು, ವಿಮೆ, ಹಲ್ಲಿನ ಡಾಕ್ಟ್ರು, ಎಲ್ಲಾ ಕಡೆ ಅದನ್ನೇ ಕೊಟ್ಟಿದ್ದೆ. ಬಿಡೋ ದಿನ ಲ್ಯಾಪ್‌ಟಾಪ್ ಜೊತೆ ಸಿಮ್ಮೂ ವಾಪಸ್ ಕೊಟ್ಟು ಸಹಿ ಹಾಕಿ ಬಂದೆ. ಬಿಲ್ ಕಟ್ಟೋಣ ಅಂತ ಲಾಗಿನ್ ಆದ್ರೆ ಓಟಿಪಿ ಹಳೇ ನಂಬರ್‌ಗೆ ಹೋಯ್ತು. ಸರಿ, ನಂಬರ್ ಬದಲಾಯಿಸೋಣ ಅಂತ ಹೋದ್ರೆ, ಹಳೇ ನಂಬರ್ ಬದಲಾಯಿಸೋಕೆ ಹಳೇ ನಂಬರ್‌ಗೆ ಬಂದ ಓಟಿಪಿ ಹಾಕ್ಬೇಕಂತೆ. ಬೀಗದ ಕೈ ಪೆಟ್ಟಿಗೆ ಒಳಗೆ ಇಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗೆ.

ಅದರಲ್ಲೇನಿದೆ, ನನ್ನ ನಂಬರ್‌ಗೆ ನಾನೇ ಫೋನ್ ಮಾಡಿದ್ರಾಯ್ತು ಅಂತ ಮಾಡ್ದೆ. ಹೊಸದಾಗಿ ಸೇರಿದ ಒಬ್ಬ ಹುಡುಗ ಎತ್ತಿದ. ಪರಿಚಯ ಹೇಳ್ಕೊಂಡೆ. "ನೋಡಪ್ಪಾ, ಈಗ ಒಂದು ಓಟಿಪಿ ಬಂದಿರುತ್ತೆ, ಸ್ವಲ್ಪ ಓದಿ ಹೇಳು, ಅರ್ಜೆಂಟು."

ಆ ಕಡೆ ಸ್ವಲ್ಪ ಹೊತ್ತು ಮೌನ. "ಸಾರಿ ಸರ್, ಓಟಿಪಿ ಯಾರಿಗೂ ಹೇಳಬಾರದು."

"ನಾನು ನಿಮ್ಮ ಆಫೀಸ್‌ನಲ್ಲೇ ಇದ್ದೋನಪ್ಪ, ಸೀನಿಯರ್ ಮ್ಯಾನೇಜರ್."

"ಹಾಗೇ ಹೇಳ್ತಾರೆ ಅಂತ ಟ್ರೈನಿಂಗ್‌ನಲ್ಲಿ ಹೇಳಿದಾರೆ ಸರ್."

ಆ ಟ್ರೈನಿಂಗ್ ಮಾಡಿದ್ದು ಯಾರು ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ ಅನ್ಸುತ್ತೆ. ಸೈಬರ್ ಸುರಕ್ಷತೆ, ಸ್ಲೈಡ್ ನಂಬರ್ 11, ಕೆಂಪು ಅಕ್ಷರ: "ಓಟಿಪಿ ಯಾರಿಗೂ ಹೇಳಬೇಡಿ. ಅರ್ಜೆಂಟ್ ಅಂದರೂ, ನಿಮ್ಮ ಹಳೇ ಮ್ಯಾನೇಜರ್ ಎಂದರೂ ಹೇಳಬೇಡಿ." ಆ ಎರಡನೇ ವಾಕ್ಯ ಜನ ನಗಲಿ ಅಂತ ನಾನೇ ಸೇರಿಸಿದ್ದು, ಆಗ ನಕ್ಕಿದ್ರು ಕೂಡ. ನನ್ನ 25 ವರ್ಷದ ಸರ್ವಿಸ್‌ನಲ್ಲಿ ಯಾರಾದ್ರೂ ನನ್ನ ಸ್ಲೈಡನ್ನ ಓದಿದಾರೆ ಅಂತ ಗೊತ್ತಾಗಿದ್ದು ಇದೇ ಮೊದಲು, ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಕಣ್ಣಲ್ಲಿ ನೀರು. ಅರ್ಧ ಗಂಟೆ ಬಿಟ್ಟು ಸೆಕ್ಯೂರಿಟಿ ಟೀಮಿನ ಹಳೇ ಗೆಳೆಯ ಫೋನ್ ಮಾಡಿದ. "ಹುಷಾರು ಮಾರಾಯಾ, ಯಾವನೋ ನಿನ್ನ ಹೆಸರು ಹೇಳ್ಕೊಂಡು ನಮ್ಮ ಹುಡುಗರ ಹತ್ರ ಓಟಿಪಿ ಕೇಳ್ತಿದಾನೆ. ದನಿ ಕೂಡ ಸೇಮ್ ಟು ಸೇಮ್ ಅಂತೆ."

ಬೇರೆ ದಾರಿ ಇಲ್ದೆ ಬ್ಯಾಂಕಿಗೇ ಹೋಗೋಣ ಅಂತ ಮಾರನೇ ದಿನ ಕಾಗದ ಪತ್ರ ಎಲ್ಲಾ ಫೈಲ್ ಮಾಡ್ಕೊಂಡು ಹೊರಟೆ. ರಸ್ತೆ ಖಾಲಿ, ಪಾರ್ಕಿಂಗ್ ಖಾಲಿ, ಆಹಾ ಕೆಲಸ ಬಿಟ್ಟಿದ್ದಕ್ಕೆ ಎಂಥಾ ಸುಖ ಅಂದ್ಕೊಂಡು ನೋಡಿದ್ರೆ ಶಟರ್ ಎಳ್ದಿದೆ. ಭಾನುವಾರ. ವಾರ ಯಾವುದು ಅನ್ನೋದು ನಂಗೀಗ ಗೊತ್ತಾಗೋದೇ ಇಲ್ಲ, ಎಲ್ಲಾ ದಿನದ ಮುಖವೂ ಒಂದೇ ಥರ. ವಿಚಿತ್ರ ಏನಂದ್ರೆ ಭಾನುವಾರ ಸಂಜೆ ಆರಾದ್ರೆ ಹೊಟ್ಟೆಯೊಳಗೆ ಒಂದು ಸಂಕಟ ಶುರುವಾಗೋದು ಮಾತ್ರ ಇನ್ನೂ ನಿಂತಿಲ್ಲ. ನಾಳೆ ಏನಿದೆ? ಏನೂ ಇಲ್ಲ. ಆದ್ರೂ ಆಗುತ್ತೆ. ಹಂಗಾಗಿ ಇವತ್ತು ಭಾನುವಾರ ಅಂತ ಕ್ಯಾಲೆಂಡರ್ ನೋಡಿ ಅಲ್ಲ, ಹೊಟ್ಟೆ ಕೇಳಿ ತಿಳ್ಕೊಳ್ತೀನಿ, ಅದೂ ಸಂಜೆ ಮೇಲೆ, ಅಷ್ಟೊತ್ತಿಗೆ ಬ್ಯಾಂಕಿಗೆ ಹೋಗಿ ಬಂದಾಗಿರುತ್ತೆ.

ಸೋಮವಾರ ಮತ್ತೆ ಹೋದೆ. ಫಾರ್ಮ್ ಕೊಟ್ರು. ಹೆಸರು, ಹುಟ್ಟಿದ ದಿನಾಂಕ, ಆಮೇಲೆ ಉದ್ಯೋಗ. ಪೆನ್ನು ನಿಂತುಬಿಡ್ತು. ನಿವೃತ್ತ ಅಂತ ಬರೆದೆ. ಕೌಂಟರ್‌ನಲ್ಲಿದ್ದ ಹುಡುಗಿ ಹುಟ್ಟಿದ ದಿನಾಂಕ ನೋಡಿದ್ಲು, ನನ್ನ ಮುಖ ನೋಡಿದ್ಲು, ಮತ್ತೆ ದಿನಾಂಕ ನೋಡಿದ್ಲು. "ಸರ್, ಎರಡರಲ್ಲಿ ಒಂದು ತಪ್ಪಾಗಿದೆ, ಯಾವುದು?" ಅಂದ್ಲು. ಕೊನೆಗೆ ಇಬ್ಬರೂ ಚರ್ಚೆ ಮಾಡಿ 'ಇತರೆ' ಅಂತ ಟಿಕ್ ಹಾಕಿದ್ವಿ. ಇಷ್ಟು ವರ್ಷ ದುಡಿದು ಕೊನೆಗೆ ಇತರೆ.

ದುಡ್ಡಿನ ವಿಷಯಾನೂ ಒಂದು ಮಾತು ಹೇಳ್ಬಿಡ್ತೀನಿ, ಎಲ್ರೂ ಮನಸ್ಸಲ್ಲಿ ಅದನ್ನೇ ಕೇಳ್ತಾ ಇರ್ತೀರಾ. ಬೆಂಗೆನ್ ಅಂತ ಒಬ್ಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಅಲ್ಲಿನ ಷೇರು ಮತ್ತು ಬಾಂಡ್‌ಗಳ ಹಳೇ ಲೆಕ್ಕ ತೆಗೆದು, ಕೂಡಿಟ್ಟ ದುಡ್ಡಲ್ಲಿ ಮೊದಲ ವರ್ಷ ಶೇಕಡ 4 ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆ ಏರಿದಷ್ಟೇ ಏರಿಸ್ತಾ ಹೋದ್ರೆ 30 ವರ್ಷ ಸಾಕಾಗುತ್ತೆ ಅಂತ ತೋರಿಸಿದ್ದ. ಬೇಗ ಕೆಲಸ ಬಿಡೋರಿಗೆಲ್ಲ ಇದು ತಾರಕ ಮಂತ್ರ. ನಾನೂ ಇದನ್ನೇ ನಂಬ್ಕೊಂಡು, ನಾಲ್ಕು ಬಣ್ಣದ ಶೀಟ್ ಮಾಡಿ ಹೆಂಡತಿಗೆ ವಿವರಿಸಿದ್ದೆ. ಅವಳು ಸಾವಧಾನವಾಗಿ ಕೇಳಿ, "49ಕ್ಕೆ 30 ಸೇರಿಸಿದ್ರೆ 79. ಎಂಬತ್ತಕ್ಕೆ ಏನು ಮಾಡ್ತೀರಾ?" ಅಂದ್ಲು.

ಆ ಕಾಲಂ ನನ್ನ ಶೀಟಲ್ಲಿ ಇರ್ಲಿಲ್ಲ.

"ಅದಕ್ಕೇ ನಾನು ಕೆಲಸ ಬಿಟ್ಟಿಲ್ಲ" ಅಂತ ಬ್ಯಾಗ್ ತಗೊಂಡು ಹೊರಟ್ಲು.

ನಿನ್ನೆ ಸಂಜೆ ಫೋನ್ ಬಂತು. ನೋಡಿದ್ರೆ ನನ್ನದೇ ಹಳೇ ನಂಬರ್. ಅದೇ ಹುಡುಗ. ನಾನೇನೂ ಮಾತಾಡೋಕೆ ಮುಂಚೆನೇ "ಸರ್, ಇದು ಓಟಿಪಿ ಅಲ್ಲ, ಅದಕ್ಕೇ ಹೇಳ್ತಿದ್ದೀನಿ" ಅಂತ ಶುರು ಮಾಡಿದ. "ನಿಮ್ಮ ಹಲ್ಲಿನ ಡಾಕ್ಟರ್ ಕಡೆಯಿಂದ ಮೆಸೇಜ್ ಬಂದಿದೆ, ನಾಳೆ ಬೆಳಗ್ಗೆ ಹತ್ತಕ್ಕೆ ಅಪಾಯಿಂಟ್‌ಮೆಂಟ್. ಬರ್ತೀರಾ ಇಲ್ವಾ ಅಂತ ಒಂದು ಅಥವಾ ಎರಡು ಒತ್ತಬೇಕಂತೆ. ಏನು ಒತ್ತಲಿ ಸರ್?"

ಎಷ್ಟು ದಿನ ಆಗಿತ್ತು ಯಾರಾದ್ರೂ ನನ್ನ ನಿರ್ಧಾರಕ್ಕೆ ಕಾದು. ಗಂಟಲು ಸರಿ ಮಾಡ್ಕೊಂಡೆ, ಒಂದು ನಿಮಿಷ ಅಂದೆ, ಕ್ಯಾಲೆಂಡರ್ ತೆಗೆದೆ, ಮೂರು ವಾರ ಹಿಂದೆ ಮುಂದೆ ಸರಿಸಿ ನೋಡ್ದೆ.

"ಎರಡು ಒತ್ತಪ್ಪಾ. ಹತ್ತಕ್ಕೆ ಕಷ್ಟ, ನಂಗೊಂದು ಮೀಟಿಂಗ್ ಇದೆ."

ಫೋನ್ ಇಡೋವಷ್ಟರಲ್ಲಿ ಒಳಗಿಂದ ಹೆಂಡತಿ ದನಿ. "ಯಾರ ಜೊತೆ ರೀ ಮೀಟಿಂಗು?"

"ಪ್ಲಂಬರ್ ಜೊತೆ."