ಹಳೇದಾಗಲೆಂದೇ ಹುಟ್ಟಿದ ಕಾರುಗಳು

ಆಗಸ್ಟ್ ತಿಂಗಳ ಮೂರನೇ ಶನಿವಾರ ನಮ್ಮ ಡೆಟ್ರಾಯ್ಟ್ ಕಡೆ ಜಾತ್ರೆ. ತೇರಿನ ಬದಲು ಕಾರು, ಅಷ್ಟೇ ವ್ಯತ್ಯಾಸ. ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಹಳೆಯ ಅಮೆರಿಕನ್ ಕಾರುಗಳು ಸಾಲುಗಟ್ಟಿ ಹೋಗುತ್ತವೆ. 1995ರಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಲು ಶುರು ಮಾಡಿದ್ದಂತೆ. ಈಗ ಬೆಳಗಾಗುವ ಮೊದಲೇ ಜನ ಮಡಚುವ ಕುರ್ಚಿ ತಂದು ರಸ್ತೆ ಬದಿ ಜಾಗ ಹಿಡಿಯುತ್ತಾರೆ. ನಾವೂ ಹಿಡಿಯುತ್ತೇವೆ, ಚಿತ್ರಾನ್ನದ ಡಬ್ಬಿ ಸಮೇತ.

ಈ ಸಲ ಒಬ್ಬ ತಾತ ನನ್ನ ಎಂಟು ವರ್ಷದ ಮಗಳಿಗೆ ಸವಾಲು ಹಾಕಿದರು. ಅವರದು 1957ರ ಷೆವ್ರೊಲೆ ಬೆಲ್ ಏರ್. ತಿಳಿ ನೀಲಿ ಬಣ್ಣ, ಮೇಲೆ ಬಿಳಿ ಟಾಪು. "ಇದಕ್ಕೆ ಪೆಟ್ರೋಲ್ ಎಲ್ಲಿ ಹಾಕ್ತಾರೆ, ಹುಡುಕು ನೋಡೋಣ" ಅಂದರು. ಅವಳು ಕಾರಿಗೆ ಎರಡು ಪ್ರದಕ್ಷಿಣೆ ಹಾಕಿದಳು. ಬದಿಯಲ್ಲಿ ಮುಚ್ಚಳ ಇಲ್ಲ. ನಂಬರ್ ಪ್ಲೇಟಿನ ಹಿಂದೆ ಬಗ್ಗಿ ನೋಡಿದಳು, ಅಲ್ಲೂ ಇಲ್ಲ. ಆ ಕಾಲದ ಕಾರುಗಳಿಗೆ ಹಿಂದೆ ಎರಡೂ ಕಡೆ ವಿಮಾನದ ಬಾಲದ ಹಾಗೆ ತಗಡು ಎದ್ದು ನಿಂತಿರುತ್ತದಲ್ಲ, ಅದೇ ರೆಕ್ಕೆ. ಕೊನೆಗೆ ತಾತ ಎಡಗಡೆಯ ರೆಕ್ಕೆಯ ಹಿಂದಿನ ಅಂಚಿನಲ್ಲಿದ್ದ ಕ್ರೋಮ್ ಪಟ್ಟಿಯನ್ನು ಬೆರಳಲ್ಲಿ ಎಳೆದರು. ಅದೊಂದು ಪುಟ್ಟ ಬಾಗಿಲು! ಒಳಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಮಗಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಂದೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ಆಮೇಲೆ ತಾತ ಎಲ್ಲ ತಾತಂದಿರ ಮಾತು ತೆಗೆದರು. "ಆಗಿನವರು ಪ್ರೀತಿಯಿಂದ ಕಾರು ಮಾಡ್ತಿದ್ರು. ಬಾಳಿಕೆ ಬರೋ ಹಾಗೆ ಮಾಡ್ತಿದ್ರು. ಈಗ ಎಲ್ಲಾ ಸೋಪಿನ ತುಂಡು."

ಸೋಪಿನ ತುಂಡು ಅನ್ನೋದನ್ನ ಒಪ್ಪುತ್ತೇನೆ. ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲೇ ಕೆಲಸ ಮಾಡುವವನು. ಆದರೂ ಮಾಲ್‌ನ ಪಾರ್ಕಿಂಗ್‌ನಲ್ಲಿ ನನ್ನ ಬೂದು ಎಸ್‌ಯುವಿ ಸಿಗದೆ ಕೀ ಒತ್ತಿ ಒತ್ತಿ ಎಲ್ಲಿ ಲೈಟ್ ಮಿನುಗುತ್ತೆ ಅಂತ ನೋಡುತ್ತೇನೆ. ಆದರೆ 'ಬಾಳಿಕೆ ಬರೋ ಹಾಗೆ' ಅನ್ನೋ ಮಾತಿದೆಯಲ್ಲ, ಅದು ಮಾತ್ರ ಪೂರಾ ಉಲ್ಟಾ.

ಕಥೆ 1920ರ ದಶಕದ್ದು. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ 1908ರಿಂದ 1927ರವರೆಗೆ ಹೆಚ್ಚು ಕಮ್ಮಿ ಒಂದೇ ಥರ ಇತ್ತು. ಒಂದೂವರೆ ಕೋಟಿ ಕಾರು ಮಾರಾಟವಾಯಿತು. ಎಲ್ಲರ ಮನೆಯಲ್ಲೂ ಒಂದು ಕಾರು ಬಂದ ಮೇಲೆ ಎರಡನೆಯದನ್ನು ಮಾರೋದು ಹೇಗೆ? ಫೋರ್ಡ್‌ನ ಎದುರಾಳಿ ಜನರಲ್ ಮೋಟಾರ್ಸ್ ಕಂಪನಿಯ ಮುಖ್ಯಸ್ಥ ಆಲ್‌ಫ್ರೆಡ್ ಸ್ಲೋನ್‌ಗೆ ಉತ್ತರ ಹೊಳೆಯಿತು. ಇರುವ ಕಾರನ್ನೇ ಹಳೇದು ಅನ್ನಿಸುವ ಹಾಗೆ ಮಾಡಬೇಕು. ಅದಕ್ಕೆ 1927ರಲ್ಲಿ ಹಾರ್ಲಿ ಅರ್ಲ್ ಎಂಬುವನನ್ನು ಕರೆತಂದರು. ಹಾಲಿವುಡ್ ತಾರೆಯರಿಗೆ ಚಂದದ ಕಾರು ಮಾಡಿಕೊಡುತ್ತಿದ್ದವನು. ಕಾರಿನ ಅಂದಚಂದಕ್ಕೆಂದೇ ಒಂದು ವಿಭಾಗ ತೆರೆದು ಅವನ ಕೈಗೆ ಕೊಟ್ಟರು.

ಅಲ್ಲಿಂದ ವರ್ಷಕ್ಕೊಂದು ಮುಖ. ನಮ್ಮಲ್ಲಿ ದಸರೆ ಬರುವ ಹೊತ್ತಿಗೆ ಅಲ್ಲಿ ಹೊಸ ಮಾಡೆಲ್. ಶೋರೂಮಿನ ಗಾಜಿಗೆ ಕಾಗದ ಅಂಟಿಸಿ, ಒಂದು ದಿನ ಗೊತ್ತು ಮಾಡಿ ತೆರೆಯುತ್ತಿದ್ದರಂತೆ. ಒಳಗಿನ ಎಂಜಿನ್ ಎಷ್ಟೋ ಸಲ ಹೋದ ವರ್ಷದ್ದೇ. ಹೊರಗಿನ ಕ್ರೋಮ್ ಮಾತ್ರ ಹೊಸದು.

ಆ ರೆಕ್ಕೆಗಳನ್ನೇ ನೋಡಿ. ಮಹಾಯುದ್ಧದ ಹೊತ್ತಿಗೆ ಅರ್ಲ್ ತನ್ನ ಹುಡುಗರನ್ನು ಸೆಲ್‌ಫ್ರಿಡ್ಜ್ ವಾಯುನೆಲೆಗೆ ಕರೆದುಕೊಂಡು ಹೋಗಿ ಲಾಕ್‌ಹೀಡ್ ಪಿ-38 ವಿಮಾನ ತೋರಿಸಿದ. ಎರಡು ಬಾಲದ ಯುದ್ಧವಿಮಾನ ಅದು. (ಆ ವಾಯುನೆಲೆ ಈಗಲೂ ಇದೆ. ನಮ್ಮ ಮನೆಯಿಂದ ಬಹಳ ದೂರವಿಲ್ಲ.) ಜನರಲ್ ಮೋಟಾರ್ಸ್‌ನದೇ ಆದ 1948ರ ಕ್ಯಾಡಿಲಾಕ್‌ಗೆ ಆ ಬಾಲ ಬಂತು, ಆಗ ಇಷ್ಟೇ ಇಷ್ಟು. 1957ರಲ್ಲಿ ಎದುರಾಳಿ ಕಂಪನಿ ಕ್ರೈಸ್ಲರ್‌ನ ವಿನ್ಯಾಸಗಾರ ವರ್ಜಿಲ್ ಎಕ್ಸ್‌ನರ್ ಇನ್ನೂ ಎತ್ತರದ ರೆಕ್ಕೆ ತಂದ. ಆ ಕಾರುಗಳಿಗೆ ಬೇಗ ತುಕ್ಕು ಹಿಡಿಯಿತು ಅನ್ನೋದು ಬೇರೆ ಮಾತು. ಜನರಲ್ ಮೋಟಾರ್ಸ್‌ನವರಿಗೆ ಸುಮ್ನೆ ಕೂರೋಕಾಗುತ್ತಾ? 1959ರ ಕ್ಯಾಡಿಲಾಕ್ ಬಂತು. ಉದ್ದ 225 ಇಂಚು, ಅಂದ್ರೆ ಹತ್ತಿರ ಹತ್ತಿರ 19 ಅಡಿ. ರೆಕ್ಕೆಯ ನಡುವೆ ರಾಕೆಟ್ಟಿನ ಬೆಂಕಿಯಂತೆ ಜೋಡಿ ಕೆಂಪು ದೀಪ. ಮುಂದಿನ ವರ್ಷವೇ ರೆಕ್ಕೆ ತಗ್ಗಿತು, 1965ಕ್ಕೆ ಮಾಯ. ಇಂದು ನಾವು 'ಎಂದೆಂದಿಗೂ ಮಾಸದ ಸೊಬಗು' ಅಂತ ಕಣ್ಣರಳಿಸುವ ಕಾರು ಅದರ ಮಾಲೀಕನಿಗೆ ಒಂದೇ ವರ್ಷದಲ್ಲಿ ಹಳೇದು ಅನ್ನಿಸಲಿ ಎಂದೇ ಮಾಡಿದ್ದು!

ಆ ತಾತನ ಬೆಲ್ ಏರ್ ಇನ್ನೂ ತಮಾಷೆ. ಷೆವ್ರೊಲೆಯೂ ಜನರಲ್ ಮೋಟಾರ್ಸ್‌ನದೇ. ಅಮೆರಿಕದ ಹಳೆಯ ಕಾರು ಅಂದರೆ ಇಂದು ಎಲ್ಲರ ಕಣ್ಣ ಮುಂದೆ ಬರುವುದು ಅದೇ. ಆದರೆ ಅದರ ಕಾಲದಲ್ಲಿ? ಮೂರನೇ ವರ್ಷವೂ ಅದೇ ಮೈಗೆ ಹೊಸ ಒಡವೆ ಹಾಕಿ ನಿಲ್ಲಿಸಿದ್ದರು. ಪಕ್ಕದಲ್ಲಿ ಪೂರಾ ಹೊಸ ಫೋರ್ಡ್, ಹೊಸ ಪ್ಲಿಮತ್. 1957ರ ಮಾಡೆಲ್‌ಗಳಲ್ಲಿ ಷೆವ್ರೊಲೆಗಿಂತ ಫೋರ್ಡೇ ಜಾಸ್ತಿ ಮಾರಾಟವಾಯಿತು.

'ಆಗಿನ ತಗಡು ಗಟ್ಟಿ' ಅನ್ನುವವರಿಗೂ ಒಂದು ಮಾತು. 2009ರಲ್ಲಿ ಇಲ್ಲಿನ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 1959ರ ಬೆಲ್ ಏರನ್ನು 2009ರ ಷೆವ್ರೊಲೆ ಮಾಲಿಬುಗೆ ಎದುರಾಬದುರಾ ಗುದ್ದಿಸಿತು. ಹಳೆಯ ಕಾರಿನ ಚಾಲಕನ ಜಾಗ ಅಪ್ಪಚ್ಚಿ. ಒಳಗೆ ನಿಜವಾದ ಮನುಷ್ಯ ಇದ್ದಿದ್ದರೆ ಉಳಿಯುತ್ತಿರಲಿಲ್ಲ. ವಿಡಿಯೊ ಇದೆ, ಗಟ್ಟಿ ಮನಸ್ಸಿದ್ದರೆ ನೋಡಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಪ್ರತಿ ವರ್ಷ ಹೋಗುತ್ತೇನೆ. ಕಾರಣ ಶಿವಮೊಗ್ಗದಲ್ಲಿದೆ. ನಮ್ಮ ಬೀದಿಯ ಡಾಕ್ಟರ ಹತ್ತಿರ ಫಿಯೆಟ್ ಪದ್ಮಿನಿ ಇತ್ತು. ಪಕ್ಕದ ಮನೆಯ ವಕೀಲರದ್ದು ಅಂಬಾಸಿಡರ್. ಅಂಬಾಸಿಡರ್ ಹಿಂಭಾಗ ಗುಂಡಗೆ. ಫಿಯೆಟ್‌ಗೆ ಮಾತ್ರ ಹಿಂದೆ ಎರಡೂ ಕಡೆ ಚೂಪು ಅಂಚು. ಕಣ್ಣಾಮುಚ್ಚಾಲೆ ಆಡುವಾಗ ಕಾರಿನ ಹಿಂದೆ ಕೂತು ಆ ಅಂಚನ್ನು ಸವರುತ್ತಿದ್ದೆ. ಬಿಸಿಲಿಗೆ ಕಾದ ತಗಡು, ಬೆರಳು ಚುರ್ ಅನ್ನುತ್ತಿತ್ತು. ಅದು ಯಾಕೆ ಹಾಗಿದೆ ಅಂತ ಆಗ ಕೇಳಿದವರಿಲ್ಲ. ಈಗ ಗೊತ್ತು. ಯುದ್ಧವಿಮಾನದಿಂದ ಕ್ಯಾಡಿಲಾಕ್‌ಗೆ, ಡೆಟ್ರಾಯ್ಟ್‌ನ ಆ ಹುಚ್ಚು ಇಟಲಿಯ ಫಿಯೆಟ್‌ಗೆ, ಅಲ್ಲಿಂದ ಮುಂಬೈನ ಪ್ರೀಮಿಯರ್ ಕಾರ್ಖಾನೆಗೆ, ಕೊನೆಗೆ ನಮ್ಮ ಬೀದಿಗೆ. ಅಮೆರಿಕದವರು ಬಿಟ್ಟು ಎಷ್ಟೋ ವರ್ಷವಾದ ಮೇಲೂ ನಮ್ಮಲ್ಲಿ ಆ ಪುಟಾಣಿ ರೆಕ್ಕೆ ಹಾಗೇ ಬರುತ್ತಿತ್ತು. ನಮ್ಮಲ್ಲಿ ಮುಖ ಬದಲಿಸುವ ದರ್ದು ಯಾರಿಗಿತ್ತು ಹೇಳಿ? ಹಣ ಕಟ್ಟಿ ವರ್ಷಗಟ್ಟಲೆ ಕಾಯಲು ಜನ ಸಾಲು ನಿಂತಿದ್ದರಲ್ವಾ.

ತಾತನಿಗೆ ಇದೆಲ್ಲ ಹೇಳಲಿಲ್ಲ. ಅವರಪ್ಪ ಅಂಥದ್ದೇ ಕಾರು ಕೊಂಡು ಮೂರು ವರ್ಷಕ್ಕೆ ಮಾರಿಬಿಟ್ಟಿದ್ದರಂತೆ. ಇವರು ನಿವೃತ್ತರಾದ ಮೇಲೆ ಹುಡುಕಿ ಹುಡುಕಿ ಅದೇ ಬಣ್ಣದ್ದು ತಂದಿದ್ದಾರೆ. ಅವರ ಎದುರು ಸ್ಲೋನ್ ಪುರಾಣ ಬಿಚ್ಚಲು ಮನಸ್ಸಾಗಲಿಲ್ಲ. ಮಗಳು ಆ ಪುಟ್ಟ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ಮಾಡಿದಳು. ಅವರು ಬೇಡ ಅನ್ನಲಿಲ್ಲ.

ಯಾರ ಆಲ್ಬಮ್ಮಿನಲ್ಲಾದರೂ ಹಳೆಯ ಫಿಯೆಟ್ ಹಿಂಭಾಗದ ಫೋಟೊ ಇದ್ದರೆ ಕಮೆಂಟಿನಲ್ಲಿ ಹಾಕಿ. ಎಲ್ಲರೂ ಮುಂದೆ ನಿಂತೇ ಫೋಟೊ ತೆಗೆಸಿಕೊಂಡಿರ್ತಾರೆ, ಹಿಂದಿನದು ಸಿಗೋದೇ ಇಲ್ಲ. ಡೆಟ್ರಾಯ್ಟ್ ಕಡೆಯ ಕನ್ನಡದವರು ಮುಂದಿನ ಆಗಸ್ಟ್‌ಗೆ ಬನ್ನಿ. ಕುರ್ಚಿ ನಿಮ್ಮದು, ಚಿತ್ರಾನ್ನ ನಮ್ಮದು.